ಯಾರೂ ನಿಲ್ಲದ ಜಾಗ

ಹಗರಿಬೊಮ್ಮನಹಳ್ಳಿ
೧೨ ಜನವರಿ ೨೦೨೫

ಮೈಲಾರೇಶ್ ಅವರಿಗೆ,

ಅಕ್ಷರ ನೋಡಿ ಯಾರೆಂದು ಗೊತ್ತಾಗದಿದ್ದರೆ ಕೊನೆಯಲ್ಲಿರುವ ಹೆಸರನ್ನು ಮೊದಲು ಓದಿಕೊಳ್ಳಿ. ಫೋನ್ ಮಾಡಬಹುದಿತ್ತು. ನಿಮ್ಮ ನಂಬರನ್ನು ಮಗಳು ಶಬ್ನಮ್ ಎಲ್ಲಿಂದಲೋ ತಂದುಕೊಟ್ಟಿದ್ದಾಳೆ. ಆದರೆ ನನಗೆ ಈಗ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ಆಯುಷ್ಯವೆಲ್ಲ ಲಾರಿ ಬಾಡಿಯ ತಗಡು ಬಡಿದ ಕಿವಿ. ಎದುರಿಗೆ ಕೂತು ಮಾತಾಡಿದರೆ ತುಟಿ ನೋಡಿ ಅರ್ಧ ತಿಳಿಯುತ್ತೇನೆ. ಉಳಿದರ್ಧಕ್ಕೆ ತಲೆಯಾಡಿಸುತ್ತೇನೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಪಿಂಜಾರ ಓಣಿಯ ಅಲಾಯಿ ದೇವರು ನನ್ನ ಟ್ರಂಕಿನಲ್ಲಿದೆ. ಓಣಿ ಬಿಡುವಾಗ ಅಂಗೈ ಆಕಾರದ ಬೆಳ್ಳಿಯ ಪಂಜಾವನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ತಂದವನು ಒಂದು ಮೊಹರಮ್ಮಿಗೂ ಹೊರಗೆ ತೆಗೆದಿಲ್ಲ. ದೇವರನ್ನು ಕೂರಿಸಬೇಕಾದರೆ ಹಳೆಯ ಕುಣಿಯನ್ನೇ ಅಗೆದು ತೆಗೆದು ಅದರಲ್ಲಿ ಬೆಂಕಿ ಹಾಕಬೇಕು. ಬೇರೆ ಕಡೆ ಹಾಕಿದರೆ ಅದು ಬರೀ ಬೆಂಕಿ ಎಂದು ನಮ್ಮಪ್ಪ ಹೇಳುತ್ತಿದ್ದ.

ಈಗ ನನಗೆ ದಣಿವಾಗಿದೆ. ಅಳಿಯ ಬಾಷಾ ಒಳ್ಳೆಯವನು, ಆದರೆ ಇದು ಅವನ ಓಣಿಯ ದೇವರಲ್ಲ. ನನ್ನ ನಂತರ ಅದನ್ನು ಟ್ರಂಕಿನಲ್ಲಿ ಕಾಯುವವರಿಲ್ಲ. ಕುಣಿಯ ಜಾಗ ಸಿಕ್ಕರೆ ಈ ಸಲ ಒಂದೇ ಒಂದು ಬಾರಿಯಾದರೂ ಕೂರಿಸುತ್ತೇನೆ. ಸಿಗದಿದ್ದರೆ ಮೊಹರಮ್ಮಿನಲ್ಲಿ ಹಡಗಲಿ ಕಡೆ ಹೋಗಿ ಹೊಳೆಗೆ ಬಿಡುತ್ತೇನೆ.

ಆ ಕೆಂಡವನ್ನು ಪ್ರತಿ ವರ್ಷ ತುಳಿದವನು ನಾನು. ಕಣ್ಣು ಮುಚ್ಚಿದರೆ ಅಂಗಾಲಿಗೆ ಬಿಸಿ ನೆನಪಾಗುತ್ತದೆ, ಜಾಗ ನೆನಪಾಗುವುದಿಲ್ಲ. ಸುತ್ತ ಮನೆಗಳಿದ್ದಾಗ ನೆನಪಿಡುವ ಅಗತ್ಯವೇ ಇರಲಿಲ್ಲ. ಮೊದಲ ಗುದ್ದಲಿ ಹಾಕುವ ಹಕ್ಕು ನಿಮ್ಮ ಮನೆಯದು. ನಿಮ್ಮ ತಂದೆ ಹಾಕುತ್ತಿದ್ದರು, ಆಮೇಲೆ ನೀವು. ನೀವು ಈಗಲೂ ಹರಪನಹಳ್ಳಿಯಲ್ಲಿ ಅದೇ ನೆಲದ ಮೇಲಿದ್ದೀರಿ.

ಕುಣಿ ಎಲ್ಲಿತ್ತು?

ಸಲಾಂ,
ರಾಜಾಸಾಬ್


ಹರಪನಹಳ್ಳಿ
೨೪ ಜನವರಿ ೨೦೨೫

ರಾಜಾಸಾಬ್ ಅವರಿಗೆ,

ಪತ್ರ ತಲುಪಿತು. ಅಕ್ಷರ ಗೊತ್ತಾಯಿತು. ಏಳನೇ ಇಯತ್ತೆಯಲ್ಲಿ ಪಕ್ಕದಲ್ಲಿ ಕೂತು ನೋಡಿ ಬರೆದವನಿಗೆ ಮರೆಯುವುದಿಲ್ಲ.

ನೀವು ಕೇಳಿದ್ದಕ್ಕೆ ಕೂಡಲೇ ಉತ್ತರ ಕೊಡಲು ಆಗಲಿಲ್ಲ. ನೀವು ಹೋದ ಮೇಲೆ ಇಲ್ಲಿ ಆದದ್ದನ್ನು ಮೊದಲು ಹೇಳುತ್ತೇನೆ. ದೊಡ್ಡ ರಸ್ತೆ ಅಗಲವಾದಾಗ ಸಾಲುಮನೆಗಳ ಮುಂದಿನ ಅರ್ಧ ಹೋಯಿತು. ಉಳಿದವರೆಲ್ಲ ಹಿಂದಕ್ಕೆ ಸರಿದು ಕಟ್ಟಿಕೊಂಡರು. ಹಿಂದೆ ಇದ್ದುದು ಓಣಿ. ಓಣಿಯನ್ನು ಯಾರೂ ಒಡೆಯಲಿಲ್ಲ. ಒಬ್ಬೊಬ್ಬರು ಒಂದೊಂದು ಕೋಣೆ ಹಾಕಿದರು, ಅದು ಮುಗಿದುಹೋಯಿತು. ಆಗ ನಾನು ಕೂಡ್ಲಿಗಿಯ ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದೆ. ಇಲ್ಲಿ ನಿಂತು ಮನೆ ಕಟ್ಟಿಸಿದವನು ಮಗ ಕ್ರಾಂತಿ. ನಾನು ನಿವೃತ್ತನಾಗಿ ಬರುವ ಹೊತ್ತಿಗೆ ಬಣ್ಣ ಸಹ ಬಳಿದಾಗಿತ್ತು.

ಈ ವಾರ ಹಳಬರನ್ನು ಕೇಳುತ್ತ ಬಂದೆ. ಎಲ್ಲರಿಗೂ ಕುಣಿ ಚೆನ್ನಾಗಿ ನೆನಪಿದೆ. ನಮ್ಮ ಪಕ್ಕದ ಮನೆಯ ಬೆನಕಪ್ಪನ ಮೊಮ್ಮಕ್ಕಳ ಪ್ರಕಾರ ಅದು ಹೊರಗಿನವರು ಕಟ್ಟಿದ ಕಾಂಪ್ಲೆಕ್ಸಿನ ಜನರೇಟರ್ ಕೆಳಗಿದೆ. ಕಾಂಪ್ಲೆಕ್ಸಿನ ಪಕ್ಕದವರ ಪ್ರಕಾರ ಬೆನಕಪ್ಪನ ಹಿತ್ತಲಲ್ಲಿದೆ. ಯಾರ ನೆನಪಿನಲ್ಲೂ ಅದು ಅವರವರ ಮನೆಯ ಕೆಳಗಿಲ್ಲ. ನನ್ನ ನೆನಪೂ ಜನರೇಟರ್ ಕಡೆಗೇ ಹೋಗುತ್ತದೆ, ಹಾಗಾಗಿ ನಾನು ಅದನ್ನು ನಂಬುವುದಿಲ್ಲ.

ಒಂದು ದಾರಿ ಉಳಿದಿದೆ. ಓಣಿಯ ಮದುವೆಗಳ ಫೋಟೋಗಳು. ಸ್ಟುಡಿಯೋದ ಸೋಮಶೇಖರ್ ಗ್ರೂಪ್ ಫೋಟೋ ಎಲ್ಲ ಬಾವಿಯ ಮುಂದೆ ಬಯಲಲ್ಲೇ ತೆಗೆಯುತ್ತಿದ್ದ, ಬಿಸಿಲು ಬೀಳುತ್ತಿದ್ದುದು ಅಲ್ಲಿ ಮಾತ್ರ. ಕುಣಿಯೂ ಅದೇ ಬಯಲಲ್ಲಿತ್ತು, ಅಷ್ಟು ನಿಜ. ಅವನು ಈಗ ಇಲ್ಲ. ಆದರೆ ಆಲ್ಬಮ್ಮುಗಳು ಜನರ ಹತ್ತಿರ ಇದ್ದಾವು. ಹುಡುಕಿ ಬರೆಯುತ್ತೇನೆ.

ಇಂತಿ,
ಮೈಲಾರೇಶ್


ಹರಪನಹಳ್ಳಿ
೨ ಮಾರ್ಚ್ ೨೦೨೫

ರಾಜಾಸಾಬ್ ಅವರಿಗೆ,

ಇದರ ಜೊತೆ ಆರು ಫೋಟೋಗಳಿವೆ. ಮೂಲ ಅವರವರ ಹತ್ತಿರವೇ ಇದೆ, ಇವು ದೊಡ್ಡದು ಮಾಡಿಸಿದ ಪ್ರತಿಗಳು. ಫೋನಿನಲ್ಲಿ ಕಳಿಸಿದರೆ ಬೆರಳಿನಲ್ಲಿ ಹಿಗ್ಗಿಸಿ ನೋಡಬೇಕು, ಒಬ್ಬರ ಮುಖ ನೋಡುವಾಗ ಇನ್ನೊಬ್ಬರು ಹೊರಗೆ ಹೋಗುತ್ತಾರೆ.

ಇವನ್ನು ಕೂಡಿಸಲು ತಿಂಗಳು ಹಿಡಿಯಿತು. ಬಸ್ಸಿನಲ್ಲಿ ಕೂತರೆ ಈಗ ಮೊಣಕಾಲು ಹಿಡಿಯುತ್ತದೆ. ಗಾದೆಪ್ಪ ಚಿಗಟೇರಿಯಲ್ಲಿ ಕುರಿ ಮಾಡಿಕೊಂಡಿದ್ದಾನೆ. ಅವನ ತಂಗಿಯ ಮದುವೆಯ ಆಲ್ಬಮ್ಮಿನಲ್ಲಿ ಗೆದ್ದಲು ಹಿಡಿದು, ಮದುಮಗನ ಕಡೆಯವರೆಲ್ಲ ಹೋಗಿದ್ದಾರೆ. ನಮ್ಮ ಕಡೆಯವರು ಉಳಿದಿದ್ದಾರೆ. ತಿಪ್ಪೇರುದ್ರಮ್ಮ ಕೊಟ್ಟೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಮೂರು ಸಲ ಹೋದ ಮೇಲೆ ಆಲ್ಬಮ್ ಕೊಟ್ಟಳು. ಕೊಡುವಾಗ ಸುಮ್ಮನೆ ಕೊಡಲಿಲ್ಲ.

“ಓಣಿ ಇದ್ದಾಗ ಒಂದಿನಾನೂ ನಮ್ಮ ಮನಿ ಕಟ್ಟಿ ಹತ್ತಿದಾಂವಲ್ಲ ನೀನು. ಈಗ ಓಣಿ ಇಲ್ಲ, ಮೂರು ಸಲ ಬಂದೀಯಲ್ಲೋ ಯಪ್ಪಾ.”

ನಾನು ಚಹಾ ಕುಡಿದು ಬಂದೆ.

ಈಗ ಕೆಲಸದ ಮಾತು. ಆರರಲ್ಲೂ ಎರಡು ಗುರುತುಗಳು ಕಾಣುತ್ತವೆ. ಎಡಕ್ಕೆ ಬಾವಿಯ ಕಟ್ಟೆ, ಬಲಕ್ಕೆ ಬೆನಕಪ್ಪನ ಗೋಡೆಯಲ್ಲಿ ಎತ್ತು ಕಟ್ಟುವ ಕಬ್ಬಿಣದ ಬಳೆ ಇರುವ ಕಲ್ಲು. ಎರಡೂ ಇಂದಿಗೂ ಇವೆ. ಬಾವಿಯ ಮೇಲೆ ಚಪ್ಪಡಿ ಮುಚ್ಚಿದ್ದಾರೆ, ಬಳೆಗೆ ಈಗ ಯಾರೋ ಕೇಬಲ್ ವೈರು ಕಟ್ಟಿದ್ದಾರೆ. ಹಾಗಾಗಿ ಫೋಟೋದಲ್ಲಿ ಕುಣಿ ಸಿಕ್ಕರೆ ನೆಲದ ಮೇಲೂ ಸಿಕ್ಕಂತೆ.

ಸಿಕ್ಕಿದೆ ಎಂದುಕೊಂಡಿದ್ದೇನೆ. ಗಾದೆಪ್ಪನ ತಂಗಿಯ ಮದುವೆಯ ಫೋಟೋ ನೋಡಿ. ಬಲಗಡೆ, ಬಳೆಯ ಕಲ್ಲಿನ ಆಚೆ, ನೆಲದ ಮೇಲೆ ದುಂಡನೆಯ ಕಪ್ಪು ಇದೆ. ಅಳೆದು ನೋಡಿದೆ. ಅದು ಕಾಂಪ್ಲೆಕ್ಸಿನ ಜಾಗಕ್ಕೇ ಬೀಳುತ್ತದೆ. ಜನ ಹೇಳಿದ್ದು ಸುಳ್ಳಲ್ಲ. ಕಾಂಪ್ಲೆಕ್ಸಿನವರು ಜನರೇಟರ್ ಸರಿಸುವವರಲ್ಲ. ನಾವು ಮಾಡುವುದಿನ್ನೇನೂ ಉಳಿದಿಲ್ಲ ಅನ್ನಿಸುತ್ತದೆ. ಇದನ್ನು ಬರೆದು ನನಗೆ ಸ್ವಲ್ಪ ಹಗುರವಾಯಿತು.

ಸೊಸೆ ಅಮೃತಾ ಈ ಫೋಟೋಗಳನ್ನು ಊಟದ ಟೇಬಲ್ಲಿನ ಮೇಲೆ ಹರಡಿಕೊಂಡು ನೋಡಿದಳು. “ಮಾವ, ನಿಮ್ಮ ಓಣಿ ಮಂದಿ ಫೋಟೋದಾಗೂ ಜಗಳ ಆಡ್ಯಾರನು? ಅರ್ಧ ಮಂದಿ ಆ ಕಡಿ, ಅರ್ಧ ಮಂದಿ ಈ ಕಡಿ. ಮದಿವಿ ಮನ್ಯಾಗೂ ಒಬ್ರಿಗೊಬ್ರು ಆಗಂಗಿಲ್ಲೇನು?” ಎಂದಳು. ಅವಳಿಗೆ ನಮ್ಮ ಓಣಿ ಗೊತ್ತಿಲ್ಲ. ನಗಲಿ ಎಂದು ಬರೆದಿದ್ದೇನೆ.

ಇಂತಿ,
ಮೈಲಾರೇಶ್


ಹಗರಿಬೊಮ್ಮನಹಳ್ಳಿ
೧೧ ಮಾರ್ಚ್ ೨೦೨೫

ಮೈಲಾರೇಶ,

ಬಹುವಚನ ಸಾಕು. ನನಗೂ ಬರೆಯುವಾಗ ಕೈ ನೋಯುತ್ತದೆ, ಅಕ್ಷರ ಕಡಿಮೆಯಾದಷ್ಟು ಒಳ್ಳೆಯದು.

ಆರು ಫೋಟೋಗಳನ್ನೂ ಕಿಟಕಿಯ ಹತ್ತಿರ ಇಟ್ಟುಕೊಂಡು ದಿನವೂ ನೋಡುತ್ತಿದ್ದೇನೆ. ಕಿವಿ ಹೋದವನಿಗೆ ಫೋಟೋ ನೋಡುವುದು ಸುಲಭ, ಅವರೂ ಮಾತಾಡುವುದಿಲ್ಲ. ಇವರಲ್ಲಿ ಉಳಿದಿರುವವರು ಎಷ್ಟು ಕಡಿಮೆ.

ಆ ಕಪ್ಪು ದುಂಡು ಕುಣಿಯಲ್ಲ. ಅದು ಅಡುಗೆಯ ಒಲೆ ಹೂಡಿದ ಮಸಿ. ಗಾದೆಪ್ಪನ ತಂಗಿಯ ಮದುವೆಗೆ ಕೊಟ್ಟೂರಿನಿಂದ ಅಡುಗೆಯವರು ಬಂದಿದ್ದರು, ಒಲೆಯನ್ನು ಬೆನಕಪ್ಪನ ಗೋಡೆಯ ಆಚೆ ಹೂಡಿದ್ದರು. ಕುಣಿಯ ಮೇಲೆ ಅನ್ನ ಬೇಯಿಸಲು ನಿನ್ನ ತಾಯಿ ಬಿಡುತ್ತಿದ್ದಳೇ? ಅದೂ ಅಲ್ಲದೆ, ದೇವರು ಹೋದ ಮರುದಿನ ನಾವು ಕುಣಿ ಮುಚ್ಚಿ ನೆಲ ಸಮ ಮಾಡುತ್ತಿದ್ದೆವು. ಹಬ್ಬ ಕಳೆದರೆ ಅಲ್ಲಿ ಕಾಣುವಂಥದ್ದು ಏನೂ ಇರುತ್ತಿರಲಿಲ್ಲ. ನಾವು ಕಾಣುವುದನ್ನು ಹುಡುಕುತ್ತಿದ್ದೇವೆ. ಅಲ್ಲಿ ತಪ್ಪುತ್ತಿದ್ದೇವೆ.

ನಿನ್ನ ಸೊಸೆಯ ಮಾತನ್ನು ಓದಿ ಮೊದಲು ನಕ್ಕೆ. ಆಮೇಲೆ ಫೋಟೋಗಳನ್ನು ಮತ್ತೆ ಸಾಲಾಗಿ ಇಟ್ಟೆ.

ಮೈಲಾರೇಶ, ಸೋಮಶೇಖರ್ ಕಪ್ಪು ಬಟ್ಟೆಯಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದುದು ನಿನಗೆ ನೆನಪಿದೆಯೇ? ಅವನು ದಾವಣಗೆರೆಯವನು. ಪ್ರತಿ ಮದುವೆಯಲ್ಲೂ ಅದೇ ಮಾತು, “ಹತ್ರ ಬರ್ರಿ, ನಡುವ ಜಾಗ ಬಿಡಬ್ಯಾಡ್ರಿ, ಫೋಟೋ ಕೆಡ್ತೈತಿ.” ಯಾರೂ ಸರಿಯುತ್ತಿರಲಿಲ್ಲ. ಒಂದು ಸಲ ನಿನ್ನ ತಾಯಿ ಮಂಜಮ್ಮ ಅವನಿಗೆ, “ಫೋಟೋ ಕೆಟ್ರ ಕೆಡಲಿ ಬಿಡು. ಎಲ್ರೂ ಕಾಲಾಗ ಚಪ್ಪಲಿ ಮೆಟ್ಟೀವಿ,” ಎಂದಿದ್ದಳು. ಅವನಿಗೆ ಅರ್ಥವಾಗಲಿಲ್ಲ. ನಮಗೆ ಯಾರಿಗೂ ಅರ್ಥ ಹೇಳಬೇಕು ಅನ್ನಿಸಲಿಲ್ಲ.

ಆರು ಫೋಟೋ, ಆರು ಮದುವೆ, ಬೇರೆ ಬೇರೆ ಜನ. ನಡುವೆ ಅದೇ ಖಾಲಿ. ಮದುಮಕ್ಕಳೂ ಚಪ್ಪಲಿ ಕಾಲಲ್ಲಿ ಅದನ್ನು ತುಳಿಯದೆ ಪಕ್ಕಕ್ಕೆ ನಿಂತಿದ್ದಾರೆ. ಕುಣಿ ಫೋಟೋದಲ್ಲಿ ಇಲ್ಲ. ಯಾರೂ ನಿಲ್ಲದ ಜಾಗ ಇದೆ.

ಬಾವಿಗೂ ಬಳೆಗೂ ನೇರ ಗೆರೆ ಎಳೆದರೆ ಅದು ಗೆರೆಯ ಮೇಲೇ ಇದೆ, ಬಾವಿಗೆ ಹತ್ತಿರ. ಅಳೆಯುವವನು ನೀನು. ನಿಧಾನವಾಗಿ ಮಾಡು.

ನಿನ್ನ,
ರಾಜಾಸಾಬ್


ಹಗರಿಬೊಮ್ಮನಹಳ್ಳಿ
೬ ಮೇ ೨೦೨೫

ಮೈಲಾರೇಶ್ ಕಾಕಾ ಅವರಿಗೆ,

ನಾನು ಶಬ್ನಮ್. ನೀವು ನನ್ನನ್ನು ನೋಡಿದಾಗ ನಾನು ಎರಡು ಜಡೆ ಹಾಕುತ್ತಿದ್ದೆ. ಅಬ್ಬಾಗೆ ಗೊತ್ತಿಲ್ಲದೆ ಇದನ್ನು ಬರೆಯುತ್ತಿದ್ದೇನೆ.

ಮಾರ್ಚಿನಲ್ಲಿ ಅವರು ಬರೆದ ಪತ್ರ ನಿಮಗೆ ತಲುಪಿತೇ? ದಿನವೂ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಕೂರುತ್ತಾರೆ. ಅವನು ಏನೂ ಇಲ್ಲವೆಂದು ಕೈ ತಿರುಗಿಸಿದರೆ, ತಾವು ಅವನಿಗಾಗಿ ಕೂತೇ ಇಲ್ಲ ಎನ್ನುವಂತೆ ರಸ್ತೆ ನೋಡುತ್ತಾರೆ. ಹೋದ ವಾರ ಯಾರಿಗೂ ಹೇಳದೆ ಹರಪನಹಳ್ಳಿ ಬಸ್ಸು ಹತ್ತಿದ್ದರು. ಸಂಜೆ ಬಂದರು. ಎಲ್ಲಿಗೆ ಹೋಗಿದ್ದಿರಿ ಎಂದು ಬರೆದು ತೋರಿಸಿದೆ. “ರಸ್ತೀ ಆ ಕಡೀನ ನಿಂತು ನೋಡಿ ಬಂದೆ. ಚಂದ ಕಟ್ಟ್ಯಾರ ಮನೀನ,” ಎಂದರು. ಅಷ್ಟೇ.

ನಿಮಗೆ ಬರೆಯಲು ಆಗದಿದ್ದರೆ, ಆಗುವುದಿಲ್ಲವೆಂದಾದರೂ ಬರೆಯಿರಿ.

ಶಬ್ನಮ್


ಹರಪನಹಳ್ಳಿ
೧೪ ಮೇ ೨೦೨೫

ರಾಜಾ,

ನಿನ್ನ ಪತ್ರ ಮಾರ್ಚಿನಲ್ಲೇ ತಲುಪಿತ್ತು. ಅಳೆದದ್ದೂ ಆ ವಾರವೇ.

ಬಾವಿಯ ಕಟ್ಟೆಯ ಅಗಲ ಈಗಲೂ ಅಷ್ಟೇ ಇದೆ. ಅದನ್ನೇ ಅಳತೆಗೋಲು ಮಾಡಿಕೊಂಡು ಆರು ಫೋಟೋಗಳ ಮೇಲೂ ನೋಡಿದೆ. ಬಾವಿಯಿಂದ ಬಳೆಯ ಕಡೆಗೆ ಎರಡು ಕಟ್ಟೆಯಷ್ಟು ದೂರದಲ್ಲಿ ಖಾಲಿ ಶುರುವಾಗುತ್ತದೆ. ಆರರಲ್ಲೂ ಹೆಚ್ಚುಕಡಿಮೆ ಅಲ್ಲೇ. ಆಮೇಲೆ ಬಳೆಗೆ ದಾರ ಕಟ್ಟಿದೆ. ಬೆನಕಪ್ಪನ ಮೊಮ್ಮಕ್ಕಳು ಏನು ಮಾಡುತ್ತೀರೆಂದು ಕೇಳಿದರು, ಕೇಬಲ್ಲಿನ ಕೆಲಸ ಎಂದೆ. ದಾರ ನಮ್ಮ ಕಾಂಪೌಂಡಿನ ಗೋಡೆ ಹತ್ತಿ ಒಳಗೆ ಇಳಿದು ಆ ಕಡೆ ಬಾವಿಗೆ ಹೋಯಿತು. ಅಮೃತಾ ಇನ್ನೊಂದು ತುದಿ ಹಿಡಿದಿದ್ದಳು. ಬಾವಿಯ ಕಡೆಯಿಂದ ಅಳೆದು ಬಂದು ನಾನು ನಿಂತೆ.

ಅಮೃತಾ ಹೇಳಿದಳು, “ಮಾವ, ಅಲ್ಲಿ ಚಪ್ಪಲಿ ಸ್ಟ್ಯಾಂಡ್ ಐತಿ.”

ಗೇಟಿನ ಒಳಗೆ, ಬಾಗಿಲ ಮೆಟ್ಟಿಲ ಪಕ್ಕದಲ್ಲಿ. ಮೇಲೆ ತಗಡಿನ ಶೀಟು ಹಾಕಿದ್ದೇವೆ, ಕೆಳಗೆ ಟೈಲ್ಸ್. ಕ್ರಾಂತಿಯ ಬೈಕೂ ಅಲ್ಲೇ ನಿಲ್ಲುತ್ತದೆ. ಮನೆಗೆ ಬಂದವರೆಲ್ಲ ಚಪ್ಪಲಿ ಬಿಡುವ ಜಾಗ ಅದು.

ಅವತ್ತೇ ಬರೆಯಬೇಕೆಂದು ಕೂತೆ. ಒಂದು ವಿಷಯ ನೆನಪಾಗಿ ಪೆನ್ನು ಮುಚ್ಚಿಟ್ಟೆ. ನಮ್ಮವ್ವ ಕೊನೆಯ ವರ್ಷಗಳಲ್ಲಿ ಚಪ್ಪಲಿಯನ್ನು ಗೇಟಿನ ಹೊರಗೆ, ರಸ್ತೆಯ ಮೇಲೆ ಬಿಡುತ್ತಿದ್ದಳು. ಎರಡು ಜೊತೆ ಕಳುವಾದವು. ಒಳಗೆ ಬಿಡು ಎಂದು ಕ್ರಾಂತಿ ಎಷ್ಟು ಸಲ ಬೈದ. ಅವಳು ಕೇಳಲಿಲ್ಲ. ಗೇಟು ದಾಟಿ ಬರಿಗಾಲಲ್ಲಿ ಗೋಡೆ ಹಿಡಿದು, ಸ್ಟ್ಯಾಂಡನ್ನು ಸುತ್ತುಹಾಕಿ ಮೆಟ್ಟಿಲಿಗೆ ಬರುತ್ತಿದ್ದಳು. ಅರಳುಮರಳು ಎಂದುಕೊಂಡೆವು. ಡಾಕ್ಟರಿಗೂ ಹಾಗೇ ಹೇಳಿದೆ.

ಅವಳಿಗೆ ಗೊತ್ತಿತ್ತು. ಮನೆ ಕಟ್ಟಿ ಮುಗಿದಿತ್ತು, ಮೊಮ್ಮಗನ ಮನೆ. ಹೇಳಿ ಏನು ಮಾಡುವುದು ಅಂದುಕೊಂಡಿರಬೇಕು.

ನೀನು ರಸ್ತೆಯ ಆ ಕಡೆ ನಿಂತಿದ್ದೆಯಂತೆ. ನಾನು ಒಳಗೇ ಇದ್ದೆ.

ಕ್ರಾಂತಿಗೆ ಇನ್ನೂ ಹೇಳಿಲ್ಲ. ಸ್ಟ್ಯಾಂಡನ್ನು ಮಾತ್ರ ಗೇಟಿನ ಆಚೆ ಇಟ್ಟಿದ್ದೇನೆ.

ಮೈಲಾರೇಶ


ಹಗರಿಬೊಮ್ಮನಹಳ್ಳಿ
೨೨ ಮೇ ೨೦೨೫

ಮೈಲಾರೇಶ,

ನೀನು ಏನನ್ನೂ ಒಡೆಯುವುದು ಬೇಡ. ಮಗ ಕಟ್ಟಿದ ಮನೆ. ಜಾಗ ಗೊತ್ತಾಯಿತಲ್ಲ, ನನಗೆ ಅಷ್ಟು ಸಾಕು. ಸಿಕ್ಕರೆ ಕೂರಿಸುತ್ತೇನೆ ಎಂದು ಬರೆದಿದ್ದೆ. ಸಿಗುವುದು ಬೇರೆ, ತೆರೆಯುವುದು ಬೇರೆ. ಅದನ್ನು ಯೋಚಿಸಿರಲಿಲ್ಲ. ಮೊಹರಮ್ಮಿನ ಕತ್ತಲ ರಾತ್ರಿಯ ದಿನ ಬಾಷಾನನ್ನು ಕರೆದುಕೊಂಡು ಹಡಗಲಿ ಕಡೆ ಹೋಗಿಬರುತ್ತೇನೆ. ಅವನಿಗೆ ಹೇಳಿಯಾಗಿದೆ.

ನಿನ್ನ ತಾಯಿಯ ಬಗ್ಗೆ ನಾನೂ ಒಂದು ಮಾತು ಹೇಳಬೇಕು. ನಾವು ಇಲ್ಲಿಗೆ ಬಂದ ಮೇಲೆ ಪ್ರತಿ ಮೊಹರಮ್ಮಿಗೆ ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಪೊಟ್ಟಣ ಬರುತ್ತಿತ್ತು. ಒಳಗೆ ಹರಳುಪ್ಪು. ಹೆಸರಿಲ್ಲ, ಚೀಟಿಯಿಲ್ಲ. ಕುಣಿಗೆ ಉಪ್ಪು ಹಾಕುವ ಹರಕೆ ಓಣಿಯಲ್ಲಿ ಯಾರದಿತ್ತು ಎಂದು ನನಗೆ ಗೊತ್ತಿತ್ತು. ಅವಳು ತೀರಿದ ವರ್ಷದಿಂದ ಬಂದಿಲ್ಲ.

ಹಾಕಲು ಬೆಂಕಿ ಇರಲಿಲ್ಲ. ಎಲ್ಲ ಪೊಟ್ಟಣಗಳೂ ಟ್ರಂಕಿನಲ್ಲಿ ದೇವರ ಜೊತೆಗೇ ಇವೆ. ಮಳೆಗಾಲದಲ್ಲಿ ನೀರೊಡೆದು ಹಸಿರು ಬಟ್ಟೆಗೆ ಬಿಳಿ ಅಂಚು ಕಟ್ಟಿದೆ. ಅದನ್ನೂ ಹೊಳೆಗೇ ಬಿಡುತ್ತೇನೆ.

ಸ್ಟ್ಯಾಂಡ್ ಸರಿಸಿದ್ದು ಒಳ್ಳೆಯದಾಯಿತು.

ರಾಜಾಸಾಬ್


ಹರಪನಹಳ್ಳಿ
೨೮ ಜೂನ್ ೨೦೨೫

ರಾಜಾ,

ಇದನ್ನು ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ಪೋಸ್ಟಿಗೆ ಹಾಕಿದರೆ ನೀನು ಹೊಳೆಗೆ ಹೊರಟ ಮೇಲೆ ತಲುಪೀತು.

ಮೊನ್ನೆ ಸಂಜೆ ಚಂದ್ರ ಕಂಡಿತು. ಅವತ್ತು ಊಟಕ್ಕೆ ಕೂತಾಗ ಕ್ರಾಂತಿಗೆ ಹೇಳಿದೆ. ಅವನು ಅನ್ನ ಕಲಸುತ್ತಲೇ ಇದ್ದ. ಆಮೇಲೆ, “ಇಷ್ಟು ವರ್ಷ ಇಲ್ಲದ್ದು ಈಗ್ಯಾಕಪಾ?” ಎಂದ. ಅಮೃತಾ ಎದ್ದುಹೋಗಿ ಆ ಆರು ಫೋಟೋಗಳನ್ನು ತಂದು ಅವನ ತಟ್ಟೆಯ ಪಕ್ಕ ಇಟ್ಟಳು. ಒಂದರಲ್ಲಿ ಅವನೇ ಇದ್ದಾನೆ, ತನ್ನ ಅಜ್ಜಿಯ ಸೊಂಟದ ಮೇಲೆ. ಅಜ್ಜಿಯ ಕಾಲು ಖಾಲಿ ಜಾಗದ ಅಂಚಿನಲ್ಲಿದೆ. ಅವನು ನೋಡಿದ, ಕೈ ತೊಳೆದ, ಬೈಕ್ ತೆಗೆದುಕೊಂಡು ಹೊರಗೆ ಹೋದ.

ನಿನ್ನೆ ಬೆಳಿಗ್ಗೆ ಸ್ನಾನ ಮಾಡಿ ಅಪ್ಪನ ಗುದ್ದಲಿ ತೆಗೆದೆ. ಕಾವು ಹುಳ ತಿಂದಿತ್ತು, ಬೇರೆ ಹಾಕಿಸಿದ್ದೆ. ಟೈಲ್ಸ್ ಸಲೀಸಾಗಿ ಎದ್ದವು. ಕಾಂಕ್ರೀಟು ಏಳಲಿಲ್ಲ. ನನಗೆ ಈಗ ತೋಳಿನಲ್ಲಿ ಶಕ್ತಿಯಿಲ್ಲ. ನಾಲ್ಕು ಏಟು ಹಾಕುವುದು, ಮೆಟ್ಟಿಲ ಮೇಲೆ ಕೂರುವುದು. ಬೆನಕಪ್ಪನ ಮೊಮ್ಮಕ್ಕಳು ಗೋಡೆಯ ಮೇಲಿಂದ ನೋಡುತ್ತಿದ್ದರು. ಅವರಿಗೆ ಈ ಸಲ ಕೇಬಲ್ ಎಂದು ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಹಾರೆ ಹಿಡಿದು ಅವರೂ ಇಳಿದು ಬಂದರು.

ಕಾಂಕ್ರೀಟಿನ ಕೆಳಗೆ ಗರಸು ಮಣ್ಣು. ಗರಸಿನ ಕೆಳಗೆ ಬೂದಿ.

ಎರಡು ಗೇಣು ಬೂದಿ, ರಾಜಾ. ನಾವು ಮುಚ್ಚಿದ ಹಾಗೇ ಇದೆ. ಒಂದು ಕಡೆ ಉಪ್ಪು ಕಲ್ಲಿನಂತೆ ಗಟ್ಟಿಯಾಗಿದೆ.

ಸಂಜೆ ಕ್ರಾಂತಿ ಬಂದ. ಹೊಂಡವನ್ನು ನೋಡಿದ, ನನ್ನನ್ನು ನೋಡಲಿಲ್ಲ. ಒಳಗೆ ಹೋಗಿ ಸ್ಪ್ಯಾನರ್ ತಂದು ಏಣಿ ಹತ್ತಿ ಮೇಲಿನ ತಗಡಿನ ಶೀಟುಗಳನ್ನು ಬಿಚ್ಚತೊಡಗಿದ. ಕೊನೆಯದನ್ನು ಇಳಿಸುವಾಗ ಮಾತ್ರ, “ಬೆಂಕಿ ಹಾಕಿದ್ರ ಇದು ಸುಡ್ತಿತ್ತು,” ಎಂದ. ಈಗ ಅಲ್ಲಿಂದ ಆಕಾಶ ಕಾಣುತ್ತದೆ.

ನಮ್ಮ ಮನೆಯ ಗುದ್ದಲಿ ಬಿದ್ದಿದೆ. ಇನ್ನು ಉಳಿದದ್ದು ನಿನ್ನದು.

ಮೈಲಾರೇಶ


ಹಗರಿಬೊಮ್ಮನಹಳ್ಳಿ
೧ ಜುಲೈ ೨೦೨೫

ಮೈಲಾರೇಶ,

ಕಂಡಕ್ಟರ್ ಕೊಟ್ಟ. ಬಾಷಾನಿಗೆ ಹೊಳೆಗೆ ಹೋಗುವುದಿಲ್ಲವೆಂದು ಹೇಳಿದೆ. ಅವನು ಏನೋ ಹೇಳಿದ, ಕೇಳಿಸಲಿಲ್ಲ, ಆದರೆ ನಗುತ್ತಿದ್ದ. ಶಬ್ನಮ್ ಹಸಿರು ಬಟ್ಟೆಯನ್ನು ಒಗೆದು ಒಣಗಿಸಿದ್ದಾಳೆ. ಪಂಜಾಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೇನೆ. ಉಪ್ಪಿನ ಪೊಟ್ಟಣಗಳನ್ನು ತರುತ್ತೇನೆ. ನೀನು ಉಪ್ಪು ಕೊಳ್ಳಬೇಡ.

ಕೆಂಡ ತುಳಿಯಲು ನನ್ನಿಂದ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ನಿಲ್ಲಲಂತೂ ಆಗುತ್ತದೆ.

ನಾಡಿದ್ದು ಬೆಳಗಿನ ಬಸ್ಸಿಗೆ ಬರುತ್ತೇನೆ. ಚಪ್ಪಲಿ ಎಲ್ಲಿ ಬಿಡಬೇಕೆಂದು ಮಾತ್ರ ತಿಳಿಸು.

ರಾಜಾ